ಯೆಜ್ಡಿಯ ತುಕ್ಕು ಹಿಡಿದ ನಟ್ಟು-ಬೋಲ್ಟಿಗೆ ಪೇಂಟ್ ಬಕೆಟ್ಟಿನ ವೈಬ್ರೋ ಯಂತ್ರ

ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಹಾಗಾಗಿ ಆ ಕಾಲದ ಯಾವ ಯೆಜ್ಡಿ ಬಿಚ್ಚಿದರೂ ಕೈಗೆ ಬರುವ ಬೋಲ್ಟಿಗೆ ಹತ್ತಿರ ಹತ್ತಿರ ಮೂವತ್ತು ವರ್ಷ, ಇಲ್ಲವೇ ಅದಕ್ಕೂ ಹೆಚ್ಚು. ಗಾಡಿ ಪೂರ್ತಿ ಬಿಚ್ಚಿದರೆ ನಟ್ಟು, ಬೋಲ್ಟು, ವಾಷರು, ಸ್ಟಡ್ಡು, ಸ್ಪೇಸರ್ ಎಲ್ಲ ಸೇರಿ ನಾಲ್ಕೈದು ಕೆ.ಜಿ. ಆಗುತ್ತದೆ. ವೈರ್ ಬ್ರಷ್ ಹಿಡಿದು ಒಂದೊಂದನ್ನೇ ಉಜ್ಜುತ್ತ ಕೂತರೆ ಎರಡು ಭಾನುವಾರ ಹೋಗುತ್ತವೆ, ಬೆರಳ ತುದಿಯ ಚರ್ಮವೂ ಹೋಗುತ್ತದೆ. ಪೀಣ್ಯದ ವರ್ಕ್‌ಶಾಪುಗಳಲ್ಲಿ ಇಂಥ ಕೆಲಸಕ್ಕೆ ವೈಬ್ರೋ ಯಂತ್ರ ಇಟ್ಟಿರುತ್ತಾರೆ. ಸ್ಪ್ರಿಂಗಿನ ಮೇಲೆ ಕೂತ ಬಟ್ಟಲು, ಕೆಳಗೆ ಒಂದೇ ಕಡೆ ಭಾರ ಇರುವ ಮೋಟರು, ಒಳಗೆ ಸೆರಾಮಿಕ್ ಚಿಪ್ಸು. ಮೋಟರ್ ತಿರುಗಿದರೆ ಬಟ್ಟಲು ನಡುಗುತ್ತದೆ, ಚಿಪ್ಸು ಹೊರಳುತ್ತ ಸಾಮಾನನ್ನು ಉಜ್ಜುತ್ತವೆ. ಅದನ್ನೇ 10 ಲೀಟರಿನ ಪೇಂಟ್ ಬಕೆಟ್ಟಿನಲ್ಲಿ ಕಟ್ಟಿ ಒಂದು ಯೆಜ್ಡಿಯ ಸಾಮಾನು ತೆಗೆದ ಲೆಕ್ಕ ಇದು.

ಎಂ6×20 (6 ಮಿ.ಮೀ. ದಪ್ಪ, 20 ಮಿ.ಮೀ. ಉದ್ದ), ಎಂ8×25 ಥರದ ಮಾಮೂಲಿ ಷಡ್ಭುಜ ತಲೆಯ ಬೋಲ್ಟುಗಳಿಗಾಗಿ ಈ ಯಂತ್ರ ಕಟ್ಟುವುದು ದಂಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಅವು ತೂಕಕ್ಕೆ ಸಿಗುತ್ತವೆ, ಹೊಸದು ಹಾಕಿ. ಉಳಿಸಬೇಕಾದ್ದು ಅಂಗಡಿಯಲ್ಲಿ ಸಿಗದವನ್ನು: ಮೆಟ್ಟಿಲು ಇರುವ ಪಿವಟ್ ಬೋಲ್ಟು, ಸೀಳು ತಲೆಯ ಸ್ಕ್ರೂಗಳು, ಗುಮ್ಮಟದ ನಟ್ಟು, ಉದ್ದ ತೋಳಿನ ನಟ್ಟು, ದಪ್ಪ ವಾಷರು, ಅಳತೆಗೆ ಕೊರೆದ ಸ್ಪೇಸರು. ಬ್ರೇಕ್ ಆಂಕರಿನ ಬೋಲ್ಟು, ಹ್ಯಾಂಡಲ್ ಕ್ಲಾಂಪಿನ ಬೋಲ್ಟು, ಎಂಜಿನ್ ಮೌಂಟಿಂಗ್ ಬೋಲ್ಟು ಎಷ್ಟೇ ಹೊಳೆದರೂ ಮತ್ತೆ ಹಾಕಬಾರದು. ನೈಲಾನ್ ನಟ್ಟು, ಸ್ಪ್ರಿಂಗ್ ವಾಷರು, ಸ್ಪ್ಲಿಟ್ ಪಿನ್ನು ನೇರ ಗುಜರಿಗೆ.

ಥ್ರೆಡ್ಡಿನ ಬುಡಕ್ಕೆ ಚಿಪ್ಸು ಹೋಗಲ್ಲ

ಈ ಯಂತ್ರದ ಮೇಲೆ ಜನ ಬೇಸರ ಮಾಡಿಕೊಳ್ಳುವುದು ಒಂದೇ ಕಾರಣಕ್ಕೆ. ಹನ್ನೆರಡು ಗಂಟೆ ಓಡಿಸಿದರೂ ಥ್ರೆಡ್ಡಿನ ಬುಡದಲ್ಲಿ ಕಂದು ಗೆರೆ ಉಳಿದೇ ಇರುತ್ತದೆ. ಎಂ6 ಬೋಲ್ಟಿನ ಥ್ರೆಡ್ಡು 1 ಮಿ.ಮೀ.ಗೆ ಒಂದು ಸುತ್ತು, ಆಳ 0.61 ಮಿ.ಮೀ., ಕೋನ 60 ಡಿಗ್ರಿ. ಆ ಬಿರುಕಿನ ತಳಕ್ಕೆ ಸೆರಾಮಿಕ್ ಚಿಪ್ಪಿನ ಮೊಂಡು ಮೂಲೆ ಇಳಿಯುವುದಿಲ್ಲ. ಅದು ಥ್ರೆಡ್ಡಿನ ಒಂದು ಏಣಿನಿಂದ (ಹೊರ ಅಂಚಿನಿಂದ) ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತದೆ. ಗಂಟೆ ಹೆಚ್ಚಿಸಿದರೆ ಏಣು ದುಂಡಗಾಗುತ್ತದೆ, ಬುಡದ ತುಕ್ಕು ಹಾಗೇ ಇರುತ್ತದೆ.

ಹಾಗಾಗಿ ಕೆಲಸ ಹಂಚಿಕೊಡಬೇಕು. ಬುಡದ ತುಕ್ಕನ್ನು ಆಸಿಡ್ ತೆಗೆಯಲಿ. ಆಸಿಡ್ ಬಿಟ್ಟುಹೋಗುವ ಕಪ್ಪು ಮಸಿಯನ್ನೂ ಹೊರಮೈಯ ಒರಟನ್ನೂ ಯಂತ್ರ ತೆಗೆಯಲಿ. ಈ ಕ್ರಮ ಹಿಡಿದರೆ ಯಂತ್ರದ ಹೊತ್ತು ಎರಡು ಗಂಟೆಗೆ ಇಳಿಯುತ್ತದೆ.

ಯಂತ್ರ ಕಟ್ಟಿದ್ದು

ಮೋಟರು: ಗುಜರಿಗೆ ಹೋದ ಸೆಮಿ-ಆಟೊಮ್ಯಾಟಿಕ್ ವಾಷಿಂಗ್ ಮೆಷಿನ್ನಿನ ಒಗೆಯುವ ಕಡೆಯ ಮೋಟರು, 1350 ಆರ್‌ಪಿಎಂ. ಹಿಂಡುವ ಕಡೆಯದ್ದಲ್ಲ. ಕೊಳ್ಳುವ ಮುಂಚೆ ಶಾಫ್ಟ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ ನೋಡಿ. ಬುಷ್ ಇರುವ ಮೋಟರುಗಳೂ ಬರುತ್ತವೆ, ಅವು ಈ ಕೆಲಸದಲ್ಲಿ ಬೇಗ ಸವೆದು ಗಲಗಲ ಅನ್ನುತ್ತವೆ. ಬಾಲ್ ಬೇರಿಂಗಿನದ್ದೇ ಬೇಕು. ಮೂರು ವೈರು ಹೊರಗೆ ಬಂದಿರುತ್ತವೆ. ಮಲ್ಟಿಮೀಟರಿನಲ್ಲಿ ಎರಡೆರಡು ವೈರಿನ ನಡುವೆ ಓಮ್ ನೋಡಿ. ಅತಿ ಹೆಚ್ಚು ಓಮ್ ತೋರಿಸುವ ಜೋಡಿಗೆ ಕೆಪಾಸಿಟರ್, ಉಳಿದ ಮೂರನೆಯದು ಕಾಮನ್. ಕಾಮನ್ನಿಗೂ ಕೆಪಾಸಿಟರಿನ ಯಾವುದಾದರೂ ಒಂದು ತುದಿಗೂ ಕರೆಂಟ್ ಕೊಟ್ಟರೆ ತಿರುಗುತ್ತದೆ. ಇನ್ನೊಂದು ತುದಿಗೆ ಕೊಟ್ಟರೆ ಹಿಂದುಮುಂದು.

ಹಲಗೆ: 18 ಮಿ.ಮೀ. ಪ್ಲೈವುಡ್, 350 ಮಿ.ಮೀ. ಚೌಕ. ಬಕೆಟ್ಟು ಮೇಲೆ, ಮೋಟರ್ ಕೆಳಗೆ ನೇತುಬಿದ್ದು ಶಾಫ್ಟ್ ನೆಲದ ಕಡೆಗೆ. ಬಕೆಟ್ಟಿನ ನಟ್ಟನಡುವೆ ಎಂ10 ಥ್ರೆಡ್ಡೆಡ್ ರಾಡ್ ಹಲಗೆಯವರೆಗೂ ಇಳಿದಿದೆ, ಎರಡೂ ಕಡೆ ಅಗಲ ವಾಷರು, ರಬ್ಬರ್ ವಾಷರು. ಮೋಟರಿನ ಕಾಲಿಗೂ ಹಲಗೆಗೂ ನಡುವೆ 50 ಮಿ.ಮೀ. ಸ್ಪೇಸರ್ ಬೇಕು, ಇಲ್ಲದಿದ್ದರೆ ರಾಡಿನ ನಟ್ಟು ಮೋಟರಿಗೆ ತಾಗುತ್ತದೆ.

ಇಲ್ಲಿಂದ ಲೆಕ್ಕ. ಸ್ಪ್ರಿಂಗಿನ ಮೇಲೆ ಕೂರುವ ಒಟ್ಟು ತೂಕ: ಮೋಟರು, ಹಲಗೆ, ಬಕೆಟ್ಟು ಸೇರಿ 6 ಕೆ.ಜಿ., ಚಿಪ್ಸು 7.5, ಸಾಮಾನು 3.5, ಒಟ್ಟು 17. ಬಕೆಟ್ಟು ನಡುವಿನಿಂದ ಎರಡೂ ಕಡೆಗೆ 1.5ರಿಂದ 2 ಮಿ.ಮೀ. ಆಡಿದರೆ ಚಿಪ್ಸು ಚೆನ್ನಾಗಿ ಹೊರಳುತ್ತವೆ. ಸ್ಪ್ರಿಂಗು ಮೆತ್ತಗಿದ್ದರೆ ಈ ಲೆಕ್ಕ ಬಹಳ ಸುಲಭ. ವಾಲುಭಾರದ, ಅಂದರೆ ಶಾಫ್ಟಿನ ಒಂದೇ ಕಡೆ ಕೂರಿಸುವ ಭಾರದ, ತೂಕವನ್ನು ಶಾಫ್ಟಿನಿಂದ ಅದರ ತೂಕದ ಕೇಂದ್ರಕ್ಕಿರುವ ದೂರದಿಂದ ಗುಣಿಸಿ, ಒಟ್ಟು ತೂಕದಿಂದ ಭಾಗಿಸಿದರೆ ಆಡುವ ಅಳತೆ ಬರುತ್ತದೆ. 40×12 ಮಿ.ಮೀ. ಉಕ್ಕಿನ ಪಟ್ಟಿಯನ್ನು 100 ಮಿ.ಮೀ. ಉದ್ದಕ್ಕೆ ಕತ್ತರಿಸಿ, ತುದಿಯಿಂದ 10 ಮಿ.ಮೀ. ಬಿಟ್ಟು ಶಾಫ್ಟಿನ ತೂತು ಕೊರೆದರೆ ತೂಕ 0.377 ಕೆ.ಜಿ., ದೂರ 40 ಮಿ.ಮೀ., ಗುಣಿಸಿದರೆ 15. ಅಂಥ ಎರಡು ಪಟ್ಟಿ ಸೇರಿ 30. ಭಾಗ 17 ಅಂದರೆ 1.76 ಮಿ.ಮೀ.

ಎರಡು ಪಟ್ಟಿ ಮಾಡಿದ್ದು ಬೇಕಂತಲೇ. ಒಂದನ್ನು ಶಾಫ್ಟಿನ ಚಪ್ಪಟೆ ಮುಖಕ್ಕೆ ಬಿಗಿದು, ಇನ್ನೊಂದನ್ನು ಕತ್ತರಿಯ ಹಾಗೆ ಅಗಲಿಸಬಹುದು. ನಡುವಿನ ಕೋನ 60 ಡಿಗ್ರಿ ಆದರೆ 30 ಇದ್ದದ್ದು 26ಕ್ಕೆ ಇಳಿಯುತ್ತದೆ, 90 ಡಿಗ್ರಿಗೆ 21. ಸಾಮಾನು ಕಮ್ಮಿ ಇದ್ದಾಗ ಅಗಲಿಸಿ, ಹೆಚ್ಚಿದ್ದಾಗ ಕೂಡಿಸಿ. ಪಟ್ಟಿಯನ್ನು ಶಾಫ್ಟಿಗೆ ಬಿಗಿಯುವ ತಲೆಯಿಲ್ಲದ ಗ್ರಬ್ ಸ್ಕ್ರೂಗೆ ಪಟ್ಟಿಯ ಪಕ್ಕದ ಅಂಚಿನಿಂದ ಎಂ6 ಟ್ಯಾಪ್ ಹೊಡೆಯಿರಿ. ತುದಿಯ ಕಡೆಯಿಂದ ಹೊಡೆದರೆ ಅಲ್ಲಿ ಉಳಿದಿರುವ ಲೋಹ ಐದೇ ಮಿ.ಮೀ., ಥ್ರೆಡ್ಡು ಕಿತ್ತು ಬರುತ್ತದೆ. ಪಕ್ಕದಲ್ಲಾದರೆ 15 ಮಿ.ಮೀ. ಹಿಡಿತ. ಎರಡನೆಯ ಪಟ್ಟಿ ಕೂರುವ ಕೋನದಲ್ಲಿ ಶಾಫ್ಟಿಗೆ ಡ್ರಿಲ್ಲಿನ ತುದಿಯಿಂದ ಸಣ್ಣ ಗುಳಿ ಮಾಡಿಕೊಂಡರೆ ಸ್ಕ್ರೂ ಜಾರುವುದಿಲ್ಲ. ಥ್ರೆಡ್ ಲಾಕರ್ ಹಾಕದೆ ಬಿಡಲೇಬೇಡಿ.

ಪಟ್ಟಿಗಳು ಶಾಫ್ಟನ್ನು ಹೊರಕ್ಕೆಳೆಯುವ ಬಲ ಸುಮಾರು 600 ನ್ಯೂಟನ್, ಅಂದರೆ 60 ಕೆ.ಜಿ. ತೂಕದ ಎಳೆತ. ಆದ್ದರಿಂದ ಶಾಫ್ಟಿನ ಬುಡಕ್ಕೆ ಆದಷ್ಟು ಹತ್ತಿರ ಕೂರಿಸಬೇಕು. ತುದಿಯಲ್ಲಿ ಕೂರಿಸಿದರೆ ಶಾಫ್ಟ್ ಬಾಗುತ್ತದೆ. ಸುತ್ತ 2 ಮಿ.ಮೀ. ತಗಡಿನ ಬಳೆ ಕಡ್ಡಾಯ. ಕಳಚಿದ ಪಟ್ಟಿ ಮೊದಲು ಹುಡುಕುವುದು ಮೊಣಕಾಲನ್ನು.

ಸ್ಪ್ರಿಂಗು ನಾಲ್ಕು, ಮೂಲೆಗೊಂದು. 17 ಕೆ.ಜಿ. ಹೊತ್ತಾಗ 10 ಮಿ.ಮೀ. ಕುಸಿಯುವಷ್ಟು ಮೆತ್ತಗಿರಬೇಕು. 3 ಮಿ.ಮೀ. ತಂತಿ, ಹೊರಗಿನ ಅಳತೆ 35 ಮಿ.ಮೀ., ಕೆಲಸ ಮಾಡುವ ಸುತ್ತು 6, ಎರಡೂ ತುದಿಯ ಕೂರುವ ಸುತ್ತು ಸೇರಿ 8: ಸ್ಪ್ರಿಂಗ್ ಸುತ್ತುವವರಿಗೆ ಇಷ್ಟು ಬರೆದುಕೊಟ್ಟರೆ ಸಾಕು. ಬೈಕಿನ ಕ್ಲಚ್ ಸ್ಪ್ರಿಂಗು ಬಹಳ ಗಡಸು, ಬಕೆಟ್ಟಿನ ಬದಲು ಇಡೀ ಟೇಬಲ್ಲೇ ನಡುಗುತ್ತದೆ. ಸ್ಪ್ರಿಂಗು ಕೂರಲು 40 ಮಿ.ಮೀ. ಪಿವಿಸಿ ಪೈಪಿನ ಮುಚ್ಚಳಗಳು ಸರಿಹೋದವು. ಪ್ರತಿ ಸ್ಪ್ರಿಂಗಿನೊಳಗೆ ಸಡಿಲವಾಗಿ ಒಂದು ಉದ್ದ ಎಂ8 ಬೋಲ್ಟು ಇಳಿಬಿಡಬೇಕು. ಮೋಟರ್ ಆಫ್ ಮಾಡಿದಾಗ ವೇಗ ಇಳಿಯುತ್ತ ಸೆಕೆಂಡಿಗೆ ಐದು ಸುತ್ತಿನ ಹತ್ತಿರ ಬಂದಾಗ ಸ್ಪ್ರಿಂಗಿನ ಸ್ವಂತ ತಾಳಕ್ಕೆ ಕೂಡಿಕೊಂಡು ಬಕೆಟ್ಟು ಒಂದೆರಡು ಸಲ ಜೋರಾಗಿ ಕುಣಿಯುತ್ತದೆ. ಆ ಬೋಲ್ಟಿಲ್ಲದಿದ್ದರೆ ಹಲಗೆ ಸ್ಪ್ರಿಂಗಿನಿಂದ ಹಾರಿ ಕೂರುತ್ತದೆ.

ವೈರು ಮಲ್ಟಿಸ್ಟ್ರ್ಯಾಂಡ್ ಇರಲಿ, ಒಂದು ದೊಡ್ಡ ಸುತ್ತು ಬಿಟ್ಟು ಎರಡೂ ಕಡೆ ಕಟ್ಟಿ. ಒಂಟಿ ತಂತಿಯ ವೈರು ನಡುಗಿ ನಡುಗಿ ಒಳಗೇ ಮುರಿಯುತ್ತದೆ. ಮೋಟರಿನ ಮೈಗೆ ಅರ್ತ್, ಲೈನಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು). ನೀರಿರುವ ಬಕೆಟ್ಟಿನ ಕೆಳಗೇ ಮೋಟರು ತೂಗುತ್ತಿದೆ ಅನ್ನುವುದು ನೆನಪಿರಲಿ. ಹಲಗೆಯ ಅಡಿಗೆ ದಪ್ಪ ಪ್ಲಾಸ್ಟಿಕ್ಕಿನ ಲಂಗ ಕಟ್ಟಿ, ಹನಿ ಬಿದ್ದರೂ ಆಚೆ ಹೋಗಲಿ.

ಮೊದಲ ಓಟದಲ್ಲಿ ಕೆಟ್ಟದ್ದು

ಬರೀ ಚಿಪ್ಸು ಹಾಕಿ ಓಡಿಸಿದಾಗ ಮೂರು ತೊಂದರೆ ಕಂಡವು.

ಚಿಪ್ಸು ಒಂದು ಪಕ್ಕಕ್ಕೆ ಗುಡ್ಡೆ ಬಿದ್ದವು. ಸ್ಪ್ರಿಂಗುಗಳನ್ನು ಹೊತ್ತ ಫ್ರೇಮು ಮಟ್ಟ ಇರಲಿಲ್ಲ. ಒಂದು ಕಾಲಿಗೆ 4 ಮಿ.ಮೀ. ಪ್ಯಾಕಿಂಗ್ ಕೊಟ್ಟ ಮೇಲೆ ಸರಿಹೋಯಿತು.

ಬಕೆಟ್ಟಿನ ನಡುವೆ ಚಿಪ್ಸು ಸುಮ್ಮನೆ ಝುಂಯ್ ಅನ್ನುತ್ತ ನಿಂತಿದ್ದವು, ಅಂಚಿನಲ್ಲಿ ಮಾತ್ರ ಓಡಾಟ. ಕಾರ್ಖಾನೆಯ ಬಟ್ಟಲುಗಳಿಗೆ ನಡುವೆ ಗೋಪುರ ಇರುವುದು ಇದಕ್ಕೇ. ದೊಡ್ಡ ಪ್ಲಾಸ್ಟಿಕ್ ಆಲಿಕೆಯೊಂದನ್ನು ಬೋರಲು ಹಾಕಿ ನಡುವಿನ ರಾಡಿಗೆ ನಟ್ಟು ಬಿಗಿದ ತಕ್ಷಣ ಚಿಪ್ಸು ಅಂಚಿನಲ್ಲಿ ಏರಿ, ನಡುವೆ ಮುಳುಗಿ, ಸುತ್ತಲೂ ಹಗ್ಗ ಹೊಸೆದ ಹಾಗೆ ಹೊರಳತೊಡಗಿದವು. ಆಲಿಕೆಯ ಕಂಠದಿಂದ ಒಳಕ್ಕೆ ನೀರಿಳಿಯದಂತೆ ಅಲ್ಲೂ ರಬ್ಬರ್ ವಾಷರ್ ಬೇಕು.

ಮೂರನೆಯದು ಮೋಟರಿನ ಬಿಸಿ. ವಾಷಿಂಗ್ ಮೆಷಿನ್ ಒಂದು ಸಲಕ್ಕೆ ಕಾಲು ಗಂಟೆ ತಿರುಗುವ ಯಂತ್ರ, ಆ ಮೋಟರು ಅಷ್ಟಕ್ಕೇ ಮಾಡಿದ್ದು. ಭಾರ ಕಮ್ಮಿ ಇದ್ದರೂ ಕೆಪಾಸಿಟರ್ ಮೋಟರು ಸುಮ್ಮನೆ ತಿರುಗುವಾಗಲೂ ಕಾಯುತ್ತದೆ. ಮುಕ್ಕಾಲು ಗಂಟೆಯಲ್ಲಿ ಮೈ ಮುಟ್ಟಲಾಗದಷ್ಟು ಬಿಸಿ. ಟೈಮರ್ ಸಾಕೆಟ್ ಹಾಕಿ 40 ನಿಮಿಷ ಓಟ, 20 ನಿಮಿಷ ಬಿಡುವು ಅಂತ ಇಟ್ಟು, ಪಕ್ಕದಲ್ಲಿ ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನೊಂದನ್ನು ಮೋಟರಿಗೆ ಮುಖ ಮಾಡಿ ಇಟ್ಟದ್ದಾಯಿತು. ಕೆಳಗೆ ಬರೆದಿರುವ ಗಂಟೆಗಳೆಲ್ಲ ನಿಜವಾಗಿ ತಿರುಗಿದ ಹೊತ್ತು, ಬಿಡುವು ಬಿಟ್ಟು.

ಆಟ ಎಷ್ಟಿದೆ ಅಂತ ಅಳೆಯಲು ಉಪಕರಣ ಬೇಡ. ಬಿಳಿ ಕಾಗದದ ಮೇಲೆ ಒಂದೇ ಬಿಂದುವಿನಿಂದ ಎರಡು ಸಣ್ಣ ಗೆರೆ ಎಳೆಯಿರಿ, 100 ಮಿ.ಮೀ. ದೂರಕ್ಕೆ ಅವುಗಳ ನಡುವೆ 10 ಮಿ.ಮೀ. ಅಂತರ ಬರುವ ಹಾಗೆ. ಬಕೆಟ್ಟಿಗೆ ಅಡ್ಡಡ್ಡ ಅಂಟಿಸಿದರೆ ಮೇಲೆ ಕೆಳಗಿನ ಆಟ, ಉದ್ದುದ್ದ ಅಂಟಿಸಿದರೆ ಪಕ್ಕದ ಆಟ. ಬಕೆಟ್ಟು ನಡುಗುವಾಗ ಪ್ರತಿ ಗೆರೆಯೂ ಎರಡಾಗಿ ಕಾಣುತ್ತದೆ. ಒಳಗಿನ ಎರಡು ನೆರಳುಗೆರೆಗಳು ಒಂದನ್ನೊಂದು ದಾಟುವ ಜಾಗ ಮೂಲೆಯಿಂದ 35 ಮಿ.ಮೀ. ಇದ್ದರೆ ಆಟ ಈ ತುದಿಯಿಂದ ಆ ತುದಿಗೆ 3.5 ಮಿ.ಮೀ. ನಮ್ಮ 1.76ರ ಎರಡು ಪಟ್ಟು ಅದೇ. ಭರ್ತಿ ಬಕೆಟ್ಟಿನಲ್ಲಿ ಕಂಡದ್ದು 32ರಿಂದ 34ರ ನಡುವೆ.

ಚಿಪ್ಸಿನ ಆಯ್ಕೆ

ಓರೆಯಾಗಿ ಕತ್ತರಿಸಿದ ತ್ರಿಕೋನದ ಸೆರಾಮಿಕ್ ಚಿಪ್ಸು ತಂದದ್ದು ಎರಡು ಅಳತೆಯಲ್ಲಿ: 10 ಮಿ.ಮೀ., 3 ಮಿ.ಮೀ. ಐದು ಲೀಟರ್ ಅಳತೆಗೆ ಸುಮಾರು 7.5 ಕೆ.ಜಿ. ತೂಗುತ್ತದೆ. ಅಳತೆ ಆರಿಸುವಾಗ ನೋಡಬೇಕಾದ್ದು ನಟ್ಟಿನ ತೂತು. ಎಂ6 ನಟ್ಟಿನ ತೂತು 5 ಮಿ.ಮೀ., ಎಂ8ರದ್ದು 6.7 ಆಸುಪಾಸು, ಎಂ10ರದ್ದು 8.4. ಚಿಪ್ಪು ತೂತಿಗಿಂತ ದೊಡ್ಡದಿರಬೇಕು, ಇಲ್ಲವೇ ಸಲೀಸಾಗಿ ತೂರಿ ಹೋಗುವಷ್ಟು ಚಿಕ್ಕದಿರಬೇಕು. 5 ಮಿ.ಮೀ. ಚಿಪ್ಸು ಅಗ್ಗಕ್ಕೆ ಸಿಗುತ್ತದೆ ಅಂತ ತಂದರೆ ಪ್ರತಿ ಎಂ6, ಎಂ8 ನಟ್ಟಿನಲ್ಲೂ ಒಂದೊಂದು ಬೆಣೆ ಹೊಡೆದ ಹಾಗೆ ಕೂತಿರುತ್ತದೆ, ಪಂಚಿನಿಂದ ಒಂದೊಂದಾಗಿ ಬಡಿದು ತೆಗೆಯಬೇಕು.

ಹೊಸ ಚಿಪ್ಸಿನ ಅಂಚು ಚಾಕುವಿನಂತಿರುತ್ತದೆ. ಸಾಮಾನು ಹಾಕುವ ಮುಂಚೆ ಬರೀ ನೀರಿನಲ್ಲಿ ಎರಡು ಮೂರು ಗಂಟೆ ಓಡಿಸಿ ತೊಳೆಯಬೇಕು. ಇಲ್ಲದಿದ್ದರೆ ಥ್ರೆಡ್ಡಿನ ಏಣಿಗೆ ಗಾಯ.

ದುಡ್ಡು ಉಳಿಸಲು ಮೊದಲ ಲಾಟಿಗೆ 6 ಮಿ.ಮೀ. ಬೇಬಿ ಜಲ್ಲಿ ಹಾಕಿ ನೋಡಿದ್ದೂ ಆಯಿತು. ಗ್ರಾನೈಟ್ ಜಲ್ಲಿ ಉಜ್ಜುತ್ತದೆ, ಸುಳ್ಳಲ್ಲ. ಆದರೆ ತಾನೂ ಪುಡಿಯಾಗುತ್ತದೆ. ಒಂದು ಗಂಟೆಯೊಳಗೆ ನೀರು ಇಡ್ಲಿ ಹಿಟ್ಟಿನಷ್ಟು ದಪ್ಪ, ಜಲ್ಲಿ ಆ ಹಿಟ್ಟಿನಲ್ಲಿ ಹೂತು ಹೊರಳುವುದನ್ನೇ ನಿಲ್ಲಿಸಿತು. ಮಣ್ಣು ಮೆತ್ತಿದ ಚಾಸಿ ಬ್ರಾಕೆಟ್ಟುಗಳಿಗೆ ಸರಿ, ಥ್ರೆಡ್ಡಿರುವ ಸಾಮಾನಿಗೆ ಬೇಡ. ಯಾವ ಕಾರಣಕ್ಕೂ ಜಲ್ಲಿ, ಮರಳನ್ನು ಒಣಗಿದ್ದಾಗ ಓಡಿಸಬೇಡಿ, ಅದರ ಧೂಳು ಪುಪ್ಪುಸಕ್ಕೆ ಕೂತರೆ ವಾಪಸ್ ಬರುವುದಿಲ್ಲ.

ಜಿಡ್ಡು, ವಿಂಗಡಣೆ, ಆಸಿಡ್

ಎರಡು ಸ್ಟ್ರೋಕ್ ಗಾಡಿಯ ಬೋಲ್ಟಿಗೆ ತುಕ್ಕಿನ ಮೇಲೆ ಎಣ್ಣೆಮಸಿ, ಅದರ ಮೇಲೆ ಧೂಳು. ಆ ಜಿಡ್ಡು ಹೋಗದೆ ಆಸಿಡ್ ತುಕ್ಕನ್ನು ಮುಟ್ಟುವುದಿಲ್ಲ. ಜಿಡ್ಡಿನ ಸಾಮಾನನ್ನು ನೇರ ಯಂತ್ರಕ್ಕೆ ಹಾಕಿದರೆ ಚಿಪ್ಸಿಗೆ ಕಪ್ಪು ಮೆರುಗು ಹತ್ತಿ ಅವು ಗೋಲಿಯಂತೆ ಜಾರುತ್ತವೆ, ಉಜ್ಜುವುದಿಲ್ಲ. ಒಂದು ರಾತ್ರಿ ಡೀಸೆಲಿನಲ್ಲಿ ನೆನೆಹಾಕಿ, ಬ್ರಷ್ ಆಡಿಸಿ, ಆಮೇಲೆ ಲೀಟರಿಗೆ 50 ಗ್ರಾಂ ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಅರ್ಧ ಗಂಟೆ. ನೀರು ಬೋಲ್ಟಿನ ಮೇಲೆ ಹನಿಹನಿಯಾಗಿ ನಿಲ್ಲದೆ ಹಾಳೆಯಂತೆ ಹರಡಿದರೆ ಜಿಡ್ಡು ಹೋಗಿದೆ ಅಂತ ಲೆಕ್ಕ.

ವಿಂಗಡಣೆಗೆ ಅರ್ಧ ದಿನ ಕೊಡಿ, ದಂಡವಲ್ಲ. ಎಂ5, ಎಂ6 ಒಂದು ಲಾಟು, ಎಂ8, ಎಂ10 ಇನ್ನೊಂದು. ಆಕ್ಸಲ್ ನಟ್ಟಿನಂಥ ಭಾರಿ ಸಾಮಾನು ಸಣ್ಣ ಸ್ಕ್ರೂಗಳ ಜೊತೆ ಸೇರಿದರೆ ಬಡಿದು ಥ್ರೆಡ್ಡು ಕೂರಿಸಿಬಿಡುತ್ತದೆ. ಆಕ್ಸಲ್ಲನ್ನೇ ಹಾಕುವುದಾದರೆ ಬೇರಿಂಗ್ ಕೂರುವ ಮೈಗೆ ಇನ್ಸುಲೇಷನ್ ಟೇಪು ನಾಲ್ಕು ಸುತ್ತು. ಕ್ರೋಮ್, ಅಲ್ಯೂಮಿನಿಯಂ, ಹಿತ್ತಾಳೆ ಬೇರೆ ಡಬ್ಬಕ್ಕೆ. ತಗಡಿನ ಚೀಟಿ ಕಟ್ಟಿ ಯಂತ್ರಕ್ಕೆ ಹಾಕಿದರೆ ಉಳಿಯುವುದಿಲ್ಲ. ರಟ್ಟಿನ ಮೇಲೆ ಗಾಡಿಯ ಚಿತ್ರ ಬರೆದು, ಯಾವ ಜಾಗಕ್ಕೆ ಯಾವ ಬೋಲ್ಟು, ಉದ್ದ ಎಷ್ಟು, ಎಣಿಕೆ ಎಷ್ಟು ಅಂತ ಗುರುತು ಹಾಕಿಕೊಳ್ಳುವುದೇ ದಾರಿ. ಪಕ್ಕದಲ್ಲಿ ಹಳೆಯ ಬುಲೆಟ್ ಏನಾದರೂ ಬಿಚ್ಚಿದ್ದರೆ ಅದರ ಸಾಮಾನು ಇದರ ಹತ್ತಿರವೂ ಸುಳಿಯಬಾರದು. ಯೆಜ್ಡಿ ಮೆಟ್ರಿಕ್, ಹಳೆಯ ಬುಲೆಟ್ಟಿನಲ್ಲಿ ಬ್ರಿಟಿಷ್ ಥ್ರೆಡ್ಡು. 5/16 ಇಂಚಿನ ಬೋಲ್ಟು 7.94 ಮಿ.ಮೀ., ಎಂ8ರ ಪಕ್ಕ ಇಟ್ಟರೆ ಅವಳಿ. ಹೊಳೆಯಲು ಶುರುವಾದ ಮೇಲಂತೂ ಗುರುತೇ ಸಿಗುವುದಿಲ್ಲ.

ಆಸಿಡ್ ಅಂದರೆ ಸಿಟ್ರಿಕ್ ಆಸಿಡ್, ಕಿರಾಣಿ ಅಂಗಡಿಯ ನಿಂಬೆ ಉಪ್ಪು. ಲೀಟರಿಗೆ 50 ಗ್ರಾಂ, ಮೂರು ಲೀಟರಿಗೆ 150. ಪ್ಲಾಸ್ಟಿಕ್ ಡಬ್ಬ, ಮುಚ್ಚಳ ಬಿಗಿಯಬಾರದು. ಹೈಡ್ರೋಜನ್ ಬರುತ್ತದೆ, ಹತ್ತಿರ ಬೆಂಕಿ ಬೇಡ. ಆರು ಗಂಟೆ ಆದ ಮೇಲೆ ಗಂಟೆಗೊಮ್ಮೆ ಒಂದು ಬೋಲ್ಟು ತೆಗೆದು ಹಲ್ಲುಜ್ಜುವ ಬ್ರಷ್ಷಿನಿಂದ ಥ್ರೆಡ್ ಉಜ್ಜಿ ನೋಡಿ. ಬುಡ ಬೂದುಬಣ್ಣಕ್ಕೆ ತಿರುಗಿದ್ದರೆ ಸಾಕು. ಈ ಸಾಮಾನಿಗೆ ಎಂಟು ಗಂಟೆ ಹಿಡಿಯಿತು. ರಾತ್ರಿ ಹಗಲು ಬಿಟ್ಟು ಮರೆತರೆ ಆಸಿಡ್ ತುಕ್ಕು ಮುಗಿಸಿ ಉಕ್ಕಿಗೆ ಬಾಯಿ ಹಾಕುತ್ತದೆ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಉಪ್ಪು ಹಚ್ಚುವ ಅಭ್ಯಾಸದಲ್ಲಿ ಇದಕ್ಕೂ ಉಪ್ಪು ಸೇರಿಸುವವರಿದ್ದಾರೆ. ಬೇಗ ಕೆಲಸ ಮಾಡುತ್ತದೆ ಸರಿ, ಆದರೆ ಗುಳಿಗಳಲ್ಲಿ ಉಳಿದ ಉಪ್ಪು ವಾರದೊಳಗೆ ತುಕ್ಕನ್ನು ವಾಪಸ್ ಕರೆಸುತ್ತದೆ.

ತಲೆಯ ಮೇಲೆ 10.9, 12.9 ಅಂತ ಇರುವ ಹೈಟೆನ್ಸಿಲ್ ಬೋಲ್ಟನ್ನು ಆಸಿಡ್ಡಿಗೆ ಹಾಕಬೇಡಿ. ಹೈಡ್ರೋಜನ್ ಉಕ್ಕಿನೊಳಗೆ ಸೇರಿಕೊಂಡರೆ ಬಿಗಿದ ಒಂದೆರಡು ದಿನದಲ್ಲಿ ಸದ್ದಿಲ್ಲದೆ ತಲೆ ಹಾರುತ್ತದೆ. ಬ್ಯಾಟರಿ ಚಾರ್ಜರಿನಿಂದ ಕರೆಂಟ್ ಕೊಟ್ಟು ತುಕ್ಕು ತೆಗೆಯುವ ವಿಧಾನಕ್ಕೂ ಇದೇ ಮಾತು. ಅಂಥವನ್ನು ಯಂತ್ರಕ್ಕೆ ಮಾತ್ರ ಹಾಕಿ, ಬುಡದ ತುಕ್ಕಿಗೆ ಡೈ (ಬೋಲ್ಟಿಗೆ ಥ್ರೆಡ್ ಕೊರೆಯುವ ಸಾಧನ) ಆಡಿಸಿ. ಅದಕ್ಕಿಂತ ಹೊಸದು ಕೊಳ್ಳುವುದು ಮೇಲು.

ಆಸಿಡ್ಡಿನಿಂದ ತೆಗೆದ ತಕ್ಷಣ ನೀರು, ಆಮೇಲೆ ಲೀಟರಿಗೆ ಒಂದು ದೊಡ್ಡ ಚಮಚ ಅಡಿಗೆ ಸೋಡಾ ಹಾಕಿದ ನೀರು, ಅಲ್ಲಿಂದ ನೇರ ಬಕೆಟ್ಟಿಗೆ. ನಡುವೆ ಚಹಾ ಕುಡಿಯಲು ಹೋದರೆ ವಾಪಸ್ ಬರುವಷ್ಟರಲ್ಲಿ ಕಿತ್ತಳೆ ಬಣ್ಣ.

ಲಾಟುಗಳು

ಮೊದಲನೆಯದು, ಜಲ್ಲಿಯ ಗೋಳಿನ ನಂತರ 10 ಮಿ.ಮೀ. ಚಿಪ್ಸಿನಲ್ಲಿ: ಎಂ8, ಎಂ10, 3 ಕೆ.ಜಿ., ಆಸಿಡ್ ಇಲ್ಲದೆ, ಹೋಲಿಕೆಗಾಗಿ. ಆರು ಗಂಟೆ. ತಲೆ, ಮೈ ಎಲ್ಲ ಬೆಳ್ಳಗೆ. ಥ್ರೆಡ್ಡಿನ ಬುಡ ಕಂದು. ಹೊಸ ನಟ್ಟನ್ನು ಕೈಯಿಂದ ತಿರುಗಿಸಿದರೆ ಮೂರು ಸುತ್ತಿಗೇ ಬಿಗಿದು ಕೆಂಪು ಪುಡಿ ಉದುರುತ್ತದೆ.

ಅದೇ ಸಾಮಾನು, ಎಂಟು ಗಂಟೆ ಸಿಟ್ರಿಕ್ ಆದ ಮೇಲೆ ಮತ್ತೆ ಯಂತ್ರಕ್ಕೆ. ಐದು ಲೀಟರ್ ಚಿಪ್ಸಿಗೆ 250 ಮಿ.ಲೀ. ನೀರು, ಅರ್ಧ ಟೀ ಚಮಚ ಪಾತ್ರೆ ತೊಳೆಯುವ ದ್ರವ, ಒಂದು ಟೀ ಚಮಚ ವಾಷಿಂಗ್ ಸೋಡಾ. ಚಿಪ್ಸು ಒದ್ದೆಯಾಗಿ ಹೊಳೆಯಬೇಕು, ತಳದಲ್ಲಿ ಕೊಳ ಕಟ್ಟಬಾರದು. ನೀರು ಹೆಚ್ಚಾದರೆ ಅದು ದಿಂಬಿನಂತೆ ನಡುವೆ ಕೂತು ಉಜ್ಜುವುದು ನಿಲ್ಲುತ್ತದೆ. ಸಾಬೂನು ಹೆಚ್ಚಾದರೆ ನೊರೆ ಉಕ್ಕಿ ಮುಚ್ಚಳ ದಾಟಿ ಮೋಟರ್ ಕಡೆಗೆ ಹೊರಡುತ್ತದೆ. ಇಪ್ಪತ್ತು ನಿಮಿಷಕ್ಕೆ ನೀರು ರಾಗಿ ಅಂಬಲಿಯ ಬಣ್ಣಕ್ಕೆ ಬಂತು. ಅದನ್ನು ಬಸಿದು ಹೊಸ ನೀರು. ಮಡ್ಡಿಯನ್ನು ಹಾಗೇ ಬಿಟ್ಟರೆ ಅದೇ ಸಾಮಾನಿಗೂ ಚಿಪ್ಸಿಗೂ ಮೆತ್ತಿಕೊಳ್ಳುತ್ತದೆ. ಎರಡು ಗಂಟೆಯಲ್ಲಿ ಮೂರು ಸಲ ಬದಲಾಯಿಸಿ ತೆಗೆದಾಗ ಬುಡದವರೆಗೂ ತಿಳಿ ಬೂದು, ನಟ್ಟು ಬೆರಳಿನಲ್ಲೇ ಕೊನೆತನಕ ಓಡಿತು.

ಓಡುವಾಗ ನೋಡಬೇಕಾದ್ದು ಇಷ್ಟು: ಒಂದು ಬೋಲ್ಟಿನ ಮೇಲೆ ಕಣ್ಣಿಡಿ. ಅದು ನಡುವೆ ಮುಳುಗಿ ಅರ್ಧ ನಿಮಿಷದೊಳಗೆ ಅಂಚಿನಲ್ಲಿ ಮತ್ತೆ ತಲೆ ಎತ್ತಬೇಕು. ಮುಳುಗಿದ್ದು ಬರದಿದ್ದರೆ ಸಾಮಾನು ಹೆಚ್ಚಾಯಿತು, ಇಲ್ಲ ನೀರು ಹೆಚ್ಚಾಯಿತು. ಚಿಪ್ಸು ಪಾಪ್‌ಕಾರ್ನಿನಂತೆ ಹಾರುತ್ತಿದ್ದರೆ ಪಟ್ಟಿಗಳನ್ನು ಅಗಲಿಸಿ.

ಎರಡನೆಯ ಲಾಟು ಎಂ5, ಎಂ6 ಮತ್ತು ಸೀಳು ತಲೆಯ ಸ್ಕ್ರೂಗಳು, 3 ಮಿ.ಮೀ. ಚಿಪ್ಸಿನಲ್ಲಿ, ಒಂದೂವರೆ ಗಂಟೆ. ಎಂ5 ನಟ್ಟುಗಳಲ್ಲಿ ಎರಡೆರಡು ಚಿಪ್ಪು ಅಕ್ಕಪಕ್ಕ ಸಿಕ್ಕಿ ಕೂತಿದ್ದವು, ದಬ್ಬಳದಿಂದ ತಿವಿದರೆ ಬಂದವು. ಆಲನ್ ತಲೆಯ ಗುಂಡಿಗೂ ಸ್ಕ್ರೂ ತಲೆಯ ಸೀಳಿಗೂ ದಬ್ಬಳವೇ ಗತಿ.

ವಾಷರಿನದ್ದೇ ಬೇರೆ ರಗಳೆ. ಒದ್ದೆ ವಾಷರುಗಳು ಒಂದಕ್ಕೊಂದು ಅಂಟಿಕೊಂಡು ಚಪಾತಿ ಪೇರಿಸಿದ ಹಾಗೆ ಕಟ್ಟಾಗುತ್ತವೆ. ಕಟ್ಟಿನ ಎರಡು ಹೊರಮೈ ಹೊಳೆಯುತ್ತವೆ, ಒಳಗಿನವಕ್ಕೆ ಏನೂ ಆಗಿರುವುದಿಲ್ಲ. 2 ಮಿ.ಮೀ. ತಂತಿಯನ್ನು ಬಳೆಯಾಗಿ ಬಗ್ಗಿಸಿ, ಒಂದು ವಾಷರ್, ಒಂದು ಗುಜರಿ ನಟ್ಟು, ಮತ್ತೊಂದು ವಾಷರ್ ಅಂತ ಸಡಿಲವಾಗಿ ಪೋಣಿಸಿ ಹಾಕಿದ ಮೇಲೆ ಎಲ್ಲಕ್ಕೂ ಸಮನಾಗಿ ತಾಗಿತು. ಬಳೆಗೆ ಎಂಟು ಹತ್ತಕ್ಕಿಂತ ಹೆಚ್ಚು ಬೇಡ.

ಕರೆಂಟು ಹೋಗುವುದು ನಮ್ಮ ಕಡೆ ಲೆಕ್ಕಕ್ಕೆ ಇಟ್ಟುಕೊಳ್ಳಲೇಬೇಕಾದ ಸಂಗತಿ. ನಿಂತ ಬಕೆಟ್ಟಿನಲ್ಲಿ ಆಸಿಡ್ ಕಂಡ ಬರಿಮೈಯ ಉಕ್ಕು ಒದ್ದೆಯಾಗಿ ಒಂದು ರಾತ್ರಿ ಕೂತರೆ ಬೆಳಗ್ಗೆ ಹೊಸ ತುಕ್ಕಿನ ಮಚ್ಚೆ, ಚಿಪ್ಸು ತಾಗಿದ ಜಾಗದಲ್ಲೆಲ್ಲ ತ್ರಿಕೋನದ ಅಚ್ಚು. ಅರ್ಧ ಗಂಟೆಯಲ್ಲಿ ಬಾರದಿದ್ದರೆ ಜರಡಿಗೆ ಸುರಿದು ಸಾಮಾನನ್ನು ಸೋಡಾ ನೀರಿನಲ್ಲಿ ಮುಳುಗಿಸಿಡಿ.

ಒಣಗಿಸುವುದು, ಪ್ಲೇಟಿಂಗ್

ಕೊನೆಯ ತೊಳೆತ ಕುದಿಯುವ ನೀರಿನಲ್ಲಿ, ಲೀಟರಿಗೆ 10 ಗ್ರಾಂ ವಾಷಿಂಗ್ ಸೋಡಾ. ಬಿಸಿ ಲೋಹ ತಾನೇ ಮುಕ್ಕಾಲು ಒಣಗುತ್ತದೆ. ಉಳಿದದ್ದಕ್ಕೆ ಮೆಕ್ಕೆಜೋಳದ ದಿಂಡಿನ ರವೆ. ದಾವಣಗೆರೆ, ಹಾವೇರಿ ಕಡೆ ಕಾಳು ಬಿಡಿಸಿದ ದಿಂಡಿಗೆ ಬರವಿಲ್ಲ. ಒಣಗಿದ ದಿಂಡನ್ನು ಕುಟ್ಟಿ, ರವೆ ಸಾಣಿಗೆಯಲ್ಲಿ ಹಿಟ್ಟು ತೆಗೆದು ಉಳಿದದ್ದನ್ನು ಇಟ್ಟುಕೊಳ್ಳಿ. ಬಕೆಟ್ಟು ಒರೆಸಿ, ಐದು ಲೀಟರ್ ರವೆ ಹಾಕಿ ಸಾಮಾನಿನ ಜೊತೆ 40 ನಿಮಿಷ. ನೀರು ಹೀರುತ್ತದೆ, ಮೇಲೊಂದು ಮೆರುಗೂ ಬರುತ್ತದೆ. ರವೆ ಹಗುರ, ಒಟ್ಟು ತೂಕ ಕಮ್ಮಿಯಾದ್ದರಿಂದ ಬಕೆಟ್ಟು ಕುಣಿಯುತ್ತದೆ. ಪಟ್ಟಿಗಳ ಕೋನ 120 ಡಿಗ್ರಿಗೆ ಇಟ್ಟರೆ ಹಿಡಿತಕ್ಕೆ ಬರುತ್ತದೆ. ಥ್ರೆಡ್ಡಿನಲ್ಲಿ ಕೂತ ಹಿಟ್ಟಿಗೆ ಸೈಕಲ್ ಪಂಪಿನ ಗಾಳಿ ಸಾಕು. ಕರಾವಳಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ರವೆಯಿಂದ ತೆಗೆದ ಕೈಯಲ್ಲೇ ಎಣ್ಣೆಗೆ ಅದ್ದಬೇಕು.

ಜಿಂಕ್ ಪ್ಲೇಟಿಂಗಿಗೆ ಕೊಡುವುದಾದರೆ ಎಣ್ಣೆ ಆದಷ್ಟು ತೆಳ್ಳಗಿರಲಿ, ಆ ವಾರವೇ ಕೊಡಿ. ಅಲ್ಲಿ ಕೇಳಬೇಕಾದ ಒಂದೇ ಪ್ರಶ್ನೆ ದಪ್ಪ ಎಷ್ಟು ಅಂತ. 60 ಡಿಗ್ರಿ ಥ್ರೆಡ್ಡಿನಲ್ಲಿ ಪ್ಲೇಟಿಂಗ್ ದಪ್ಪದ ನಾಲ್ಕು ಪಟ್ಟು ಥ್ರೆಡ್ಡಿನ ಪಿಚ್ ವ್ಯಾಸ (ಏಣು, ಬುಡಗಳ ನಡುಮಟ್ಟದಲ್ಲಿ ಅಳೆದ ವ್ಯಾಸ) ಹೆಚ್ಚುತ್ತದೆ. 8 ಮೈಕ್ರಾನ್ ಕೂರಿಸಿದರೆ 32 ಮೈಕ್ರಾನ್. ಹೊಸ ಎಂ6 ಬೋಲ್ಟಿಗೆ 6ಜಿ ಅನ್ನುವ ಸಾಮಾನ್ಯ ಥ್ರೆಡ್ ದರ್ಜೆಯಲ್ಲಿ ಬಿಟ್ಟಿರುವ ಜಾಗ ಕಮ್ಮಿಯೆಂದರೆ 26 ಮೈಕ್ರಾನ್ ಅಷ್ಟೇ. ಆಸಿಡ್ಡೂ ಚಿಪ್ಸೂ ತಿಂದ ಹಳೆಯ ಬೋಲ್ಟಿನಲ್ಲಿ ಒಂದಿಷ್ಟು ಹೆಚ್ಚಿಗೆ ಜಾಗ ಇರುತ್ತದೆ, ಆದರೂ 5ರಿಂದ 6 ಮೈಕ್ರಾನ್ ಕೇಳುವುದು ಕ್ಷೇಮ. ಹಳೆಯ ಜಿಂಕ್ ಅರ್ಧಂಬರ್ಧ ಉಳಿದಿರುವ ಬೋಲ್ಟನ್ನು ಪ್ಲೇಟಿಂಗ್ ಇಲ್ಲದೆ ಮತ್ತೆ ಹಾಕುವ ಯೋಚನೆ ಇದ್ದರೆ ಆಸಿಡ್ಡಿಗೆ ಹಾಕಬೇಡಿ, ಉಕ್ಕಿಗಿಂತ ಮೊದಲು ಕರಗುವುದು ಜಿಂಕೇ.

ಗಾಡಿಗೆ ಕೂರಿಸುವ ಮುಂಚೆ ಪ್ರತಿ ಬೋಲ್ಟನ್ನೂ ಪಿಚ್ ಗೇಜಿಗೆ (ಥ್ರೆಡ್ಡಿನ ಅಂತರ ನೋಡುವ ಹಲ್ಲಿನ ಪಟ್ಟಿಗೆ) ಹಿಡಿದು ಬೆಳಕಿಗೆ ನೋಡಿ. ಗೇಜಿನ ಹಲ್ಲು ಒಂದು ತುದಿಯಲ್ಲಿ ಕೂತು ಇನ್ನೊಂದು ತುದಿಯಲ್ಲಿ ಏಣು ಹತ್ತಿದರೆ ಅದು ಎಳೆದು ಉದ್ದವಾದ ಬೋಲ್ಟು. ತಲೆಯ ಕೆಳಗಿನ ಕುತ್ತಿಗೆಯಲ್ಲಿ ತುಕ್ಕು ತಿಂದ ಗುಳಿ ಇದ್ದರೂ ಬೇಡ. ಇಲ್ಲಿ 140 ಸಾಮಾನಿನಲ್ಲಿ 17 ಹೀಗೆ ಹೋದವು, ಹೆಚ್ಚಿನವು ಸೈಲೆನ್ಸರಿನ ಕಡೆಯವು.

ಬಸಿದ ಕೆಂಪು ಮಡ್ಡಿಯನ್ನು ಚರಂಡಿಗೆ ಬಿಡಬೇಡಿ, ಪೈಪಿನ ಬಾಗಿನಲ್ಲಿ ಸಿಮೆಂಟಿನಂತೆ ಕೂರುತ್ತದೆ. ಬಕೆಟ್ಟಿನಲ್ಲಿ ಎರಡು ದಿನ ಬಿಟ್ಟರೆ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮುಂದಿನ ಲಾಟಿನ ಮೊದಲ ನೀರಿಗೆ ಬಳಸಿ, ಗಸಿಯನ್ನು ಒಣಗಿಸಿ ಚೀಲಕ್ಕೆ ಕಟ್ಟಿ. ಹಳೆಯ ಪ್ಲೇಟಿಂಗಿನ ಲೋಹ ಅದರಲ್ಲಿರುತ್ತದೆ, ಗಿಡದ ಬುಡಕ್ಕೂ ಬಾವಿಯ ಬಳಿಗೂ ಬೇಡ. ಚಿಪ್ಸನ್ನು ತೊಳೆದು ಒಣಗಿಸಿ ಎತ್ತಿಡುವಾಗ ಜರಡಿ ಹಿಡಿಯಿರಿ. 10 ಮಿ.ಮೀ. ಚಿಪ್ಪು ಸವೆದು 8ಕ್ಕೆ ಬಂದ ದಿನದಿಂದ ಎಂ10 ನಟ್ಟಿನಲ್ಲಿ ಬೆಣೆಯಾಗಿ ಕೂರಲು ಶುರುಮಾಡುತ್ತದೆ. ಅಂಥವನ್ನು ಬೇರೆ ಡಬ್ಬಕ್ಕೆ ಹಾಕಿಟ್ಟರೆ ತೂತಿಲ್ಲದ ಬ್ರಾಕೆಟ್ಟುಗಳಿಗೆ ಆಗುತ್ತವೆ.